ಗಡಸು ಎಕ್ಸ್-ಕಿರಣಗಳ ಧ್ರುವೀಕರಣ: ಅಳೆಯೋದು ಹೇಗೆ, ನಂಬೋದು ಯಾವಾಗ?

ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನ ಮಾಲಸ್ ನಿಯಮದ ಪ್ರಯೋಗ ನೆನಪಿದೆ ತಾನೇ? ಪೋಲರಾಯ್ಡ್ ಹಾಳೆಯನ್ನು ಹತ್ತತ್ತು ಡಿಗ್ರಿ ತಿರುಗಿಸುತ್ತಾ ಹೋಗೋದು, ಹಿಂದೆ ಇಟ್ಟ ಡಿಟೆಕ್ಟರಿನ ರೀಡಿಂಗ್ ಬರೆದುಕೊಳ್ಳೋದು, ಕೊನೆಗೆ ಗ್ರಾಫ್ ಹಾಕೋದು. ಅವತ್ತು ಪ್ರಯೋಗ ಬೇಗ ಮುಗಿದಿತ್ತು. ಲೇಸರ್ ತೆಗೆದು ಒಂದು ಸಾಮಾನ್ಯ ಬಲ್ಬ್ ಇಟ್ಟು ನೋಡೋಣ ಅಂತ ನಾನೇ ಹೊರಟೆ. ಬಲ್ಬಿನ ಬೆಳಕು ಧ್ರುವೀಕೃತವಲ್ಲ. ಪೋಲರಾಯ್ಡ್ ಎಷ್ಟೇ ತಿರುಗಿಸಿದರೂ ರೀಡಿಂಗ್ ಬದಲಾಗಬಾರದು, ಗ್ರಾಫ್ ಸಪಾಟಾದ ಗೆರೆ ಬರಬೇಕು. ನನಗೆ ಬಂದದ್ದು ಎರಡು ಗುಡ್ಡ! ಒಂದು ಸುತ್ತಿನಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುವ, ಥೇಟ್ ಧ್ರುವೀಕೃತ ಬೆಳಕಿನ ಗ್ರಾಫು.

ಸುಳ್ಳು ಯಾಕೆ ಹೇಳಲಿ, ರೀಡಿಂಗ್‌ಗಳನ್ನು ಸ್ವಲ್ಪ ಆಚೀಚೆ ಮಾಡಿ ಸಪಾಟು ಗೆರೆ ಎಳೆಯಲು ಪೆನ್ಸಿಲ್ ಎತ್ತಿಯಾಗಿತ್ತು. ಅಷ್ಟರಲ್ಲಿ ಮೇಡಂ ಬಂದು ಗ್ರಾಫ್ ನೋಡಿದರು. ಸರಿ, ತಪ್ಪು ಅಂತ ಏನೂ ಹೇಳಲಿಲ್ಲ. "ಬಲ್ಬಿನ ಬೆಳಕು ಡಿಟೆಕ್ಟರಿಗೆ ಎಷ್ಟು ದಾರಿಯಲ್ಲಿ ಬರ್ತಾ ಇದೆ?" ಅಂದರು ಅಷ್ಟೆ. ಮೇಜಿನ ಮೇಲೆ ಗಾಜು ಹಾಸಿತ್ತು. ನೇರ ಬರುವ ಬೆಳಕಿನ ಜೊತೆಗೆ, ಗಾಜಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದ ಬೆಳಕೂ ಡಿಟೆಕ್ಟರಿಗೆ ಸೇರುತ್ತಿತ್ತು. ಹಾಗೆ ಓರೆಯಾಗಿ ಪ್ರತಿಫಲಿಸಿದ ಬೆಳಕು ಭಾಗಶಃ ಧ್ರುವೀಕೃತವಾಗಿರುತ್ತೆ. ಮೇಜಿನ ಮೇಲೆ ಒಂದು ಹಳೇ ನ್ಯೂಸ್‌ಪೇಪರ್ ಹಾಸಿ ಮತ್ತೆ ರೀಡಿಂಗ್ ತೆಗೆದೆ. ಗುಡ್ಡಗಳು ಹೆಚ್ಚುಕಡಿಮೆ ಮಾಯ.

ಈ ಲೇಖನದ ವಿಷಯ ಇದೇ ಪ್ರಯೋಗದ ದೊಡ್ಡಣ್ಣ. ಸಾವಿರಾರು ಜ್ಯೋತಿರ್ವರ್ಷ ದೂರದ ಮೂಲದಿಂದ ಬರುವ ಗಡಸು ಎಕ್ಸ್-ಕಿರಣಗಳು ಧ್ರುವೀಕೃತವೇ, ಎಷ್ಟು, ಯಾವ ದಿಕ್ಕಿಗೆ ಎಂದು ಅಳೆಯುವುದು. ಅಲ್ಲೂ ಕೊನೆಗೆ ಸಿಗೋದು ಎರಡು ಗುಡ್ಡದ ಗ್ರಾಫೇ. ಆ ಗುಡ್ಡ ಆಕಾಶದಿಂದ ಬಂತೋ, ನಮ್ಮ "ಮೇಜಿನ ಗಾಜಿ"ನಿಂದ ಬಂತೋ ಅನ್ನೋದೇ ಅಲ್ಲಿನ ನಿಜವಾದ ಪ್ರಶ್ನೆ.

ಧ್ರುವೀಕರಣ ಯಾಕೆ ಬೇಕು?

ದೂರದ ಕಪ್ಪುಕುಳಿಯೋ ಪಲ್ಸಾರೋ ನಮ್ಮ ಎಕ್ಸ್-ರೇ ದೂರದರ್ಶಕಕ್ಕೆ ಬಹುಪಾಲು ಒಂದು ಚುಕ್ಕಿ ಮಾತ್ರ. ಎಷ್ಟೇ ಝೂಮ್ ಮಾಡಿದರೂ ಚುಕ್ಕಿಯೇ. ಆ ಚುಕ್ಕಿಯಿಂದ ಬರುವ ಪ್ರತಿ ಫೋಟಾನ್ ಬಗ್ಗೆ ನಾವು ಕೇಳಬಹುದಾದ ಪ್ರಶ್ನೆಗಳು ನಾಲ್ಕೇ: ಎಲ್ಲಿಂದ ಬಂತು, ಯಾವಾಗ ಬಂತು, ಎಷ್ಟು ಶಕ್ತಿ ಇತ್ತು, ಅದರ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿಗೆ ಕಂಪಿಸುತ್ತಿತ್ತು. ಮೊದಲ ಮೂರಕ್ಕೆ ಉತ್ತರ ಹುಡುಕಿ ಎಕ್ಸ್-ರೇ ಖಗೋಳವಿಜ್ಞಾನ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳೆದಿದೆ. ನಾಲ್ಕನೆಯದು ಹಿಂದೆ ಉಳಿದುಬಿಟ್ಟಿದೆ.

ಚುಕ್ಕಿಯ ಒಳಗಿನ ಆಕಾರದ ಸುಳಿವು ಕೊಡುವುದು ಈ ನಾಲ್ಕನೆಯ ಪ್ರಶ್ನೆಯೇ. ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುತ್ತಾ ಹೊಮ್ಮಿಸುವ ಬೆಳಕಿಗೆ ಸಿಂಕ್ರೋಟ್ರಾನ್ ವಿಕಿರಣ ಅಂತಾರೆ. ಅದರ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರಕ್ಕೆ ಲಂಬವಾಗಿರುತ್ತೆ. ಕಾಂತಕ್ಷೇತ್ರ ಪೂರ್ತಿ ಒಂದೇ ದಿಕ್ಕಿಗಿದ್ದರೆ ಧ್ರುವೀಕರಣ ಶೇ. 70ರ ಆಸುಪಾಸಿಗೂ ಹೋಗಬಹುದು. ಕ್ಷೇತ್ರ ಸಿಕ್ಕುಸಿಕ್ಕಾಗಿದ್ದರೆ ಬೇರೆ ಬೇರೆ ದಿಕ್ಕುಗಳು ಒಂದನ್ನೊಂದು ಅಳಿಸಿಹಾಕಿ ಸೊನ್ನೆಯ ಹತ್ತಿರ ಬರುತ್ತೆ. ಅಂದ್ರೆ ಧ್ರುವೀಕರಣದ ಪ್ರಮಾಣ ಹೇಳೋದು "ಕಾಂತಕ್ಷೇತ್ರ ಎಷ್ಟು ಅಚ್ಚುಕಟ್ಟು" ಅಂತ. ಕೋನ ಹೇಳೋದು "ಯಾವ ಕಡೆಗೆ" ಅಂತ. ಫೋಟೋದಲ್ಲಿ ಕಾಣದ್ದು ಇಲ್ಲಿ ಸಂಖ್ಯೆಯಾಗಿ ಸಿಗುತ್ತೆ.

ಪೋಲರಾಯ್ಡ್ ಇಲ್ಲಿ ನಡೆಯಲ್ಲ

ಗಡಸು ಎಕ್ಸ್-ಕಿರಣ ಅಂದರೆ ಸುಮಾರು 10 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಿಂದ (ಮುಂದೆ ಚಿಕ್ಕದಾಗಿ ಕೆಇವಿ ಅನ್ನೋಣ) ಕೆಲವು ನೂರು ಕೆಇವಿವರೆಗಿನ ಫೋಟಾನುಗಳು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿನದು ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಪೋಲರಾಯ್ಡ್ ಹಾಳೆಯ ಉದ್ದುದ್ದ ಅಣುಗಳ ಸಾಲು ಗೋಚರ ಬೆಳಕಿಗೆ ಜಾಲರಿಯಾಗಬಹುದು, ಎಕ್ಸ್-ಕಿರಣಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಕಡಿಮೆ ಶಕ್ತಿಯ ಎಕ್ಸ್-ಕಿರಣಗಳಿಗೆ ಎರಡು ಉಪಾಯಗಳಿವೆ. ಒಂದು, ಹರಳಿನ ಮೇಲೆ 45 ಡಿಗ್ರಿಯಲ್ಲಿ ಬ್ರ್ಯಾಗ್ ಪ್ರತಿಫಲನ. 1975ರಲ್ಲಿ ಹಾರಿದ ಓಎಸ್‌ಓ-8 ಉಪಗ್ರಹ ಗ್ರಾಫೈಟ್ ಹರಳು ಬಳಸಿ ಮಾಡಿದ್ದು ಇದನ್ನೇ. ಎರಡನೆಯದು, ಅನಿಲದಲ್ಲಿ ಫೋಟೋಎಲೆಕ್ಟ್ರಾನ್ ಹಾರುವ ದಿಕ್ಕನ್ನು ನೋಡುವುದು. 2021ರ ಡಿಸೆಂಬರಿನಲ್ಲಿ ಹಾರಿದ ನಾಸಾ ಮತ್ತು ಇಟಲಿಯ ಐಎಕ್ಸ್‌ಪಿಇ 2ರಿಂದ 8 ಕೆಇವಿ ಪಟ್ಟಿಯಲ್ಲಿ ಮಾಡುವುದು ಇದನ್ನು. ಶಕ್ತಿ ಇನ್ನೂ ಹೆಚ್ಚಿದರೆ ತೆಳು ಅನಿಲ ಪಾರದರ್ಶಕವಾಗಿಬಿಡುತ್ತೆ. ಆಗ ಉಳಿಯುವ ಉಪಾಯ ಒಂದೇ: ಚದುರಿಕೆ.

ಇದು ನಮ್ಮ ಇಸಿ ಗೆಳೆಯರಿಗೆ ಅರ್ಧ ನಿಮಿಷದಲ್ಲಿ ಅರ್ಥ ಆಗುತ್ತೆ. ಡೈಪೋಲ್ ಆಂಟೆನಾ ತನ್ನ ಅಕ್ಷದ ದಿಕ್ಕಿಗೆ ಏನನ್ನೂ ಹೊಮ್ಮಿಸಲ್ಲ, ಅಡ್ಡಡ್ಡಕ್ಕೆ ಅತಿ ಹೆಚ್ಚು ಹೊಮ್ಮಿಸುತ್ತೆ ಅಲ್ವಾ? ಎಕ್ಸ್-ಕಿರಣ ಬಂದು ಎಲೆಕ್ಟ್ರಾನನ್ನು ತನ್ನ ವಿದ್ಯುತ್ ಕ್ಷೇತ್ರದ ದಿಕ್ಕಿಗೆ ಅಲ್ಲಾಡಿಸಿದಾಗ ಆ ಎಲೆಕ್ಟ್ರಾನೇ ಒಂದು ಪುಟ್ಟ ಡೈಪೋಲ್ ಆಂಟೆನಾ. ವಿದ್ಯುತ್ ಕ್ಷೇತ್ರ ಉತ್ತರ-ದಕ್ಷಿಣಕ್ಕೆ ಕಂಪಿಸುತ್ತಿದ್ದರೆ ಫೋಟಾನ್ ಉತ್ತರಕ್ಕೋ ದಕ್ಷಿಣಕ್ಕೋ ಚದುರುವುದು ಅಪರೂಪ. ಪೂರ್ವಕ್ಕೋ ಪಶ್ಚಿಮಕ್ಕೋ ಚದುರುವುದೇ ಹೆಚ್ಚು. ಚದುರಿಸುವ ವಸ್ತುವಿನ ಸುತ್ತ ಡಿಟೆಕ್ಟರ್ ಇಟ್ಟು ಯಾವ ಕಡೆ ಎಷ್ಟು ಬಂತು ಅಂತ ಎಣಿಸಿದರೆ ಆಯ್ತು, ಧ್ರುವೀಕರಣಮಾಪಕ ಸಿದ್ಧ.

ಉಪಾಯ ಹೊಸದೇನಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಚಾರ್ಲ್ಸ್ ಬಾರ್ಕ್ಲಾ ಎಕ್ಸ್-ಕಿರಣಗಳನ್ನು ಇಂಗಾಲದಿಂದ ಎರಡು ಸಲ ಚದುರಿಸಿದರು. ಮೊದಲ ಸಲ 90 ಡಿಗ್ರಿಗೆ ಚದುರಿದ ಕಿರಣ ಧ್ರುವೀಕೃತವಾಗುತ್ತೆ, ಎರಡನೇ ಚದುರಿಕೆಯಲ್ಲಿ ಅದು ಬಯಲಾಗುತ್ತೆ. ಎಕ್ಸ್-ಕಿರಣ ಅಡ್ಡತರಂಗ ಎಂಬುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. ಉಪಗ್ರಹದ ಉಪಕರಣಗಳನ್ನು ಪರೀಕ್ಷಿಸಲು ಲ್ಯಾಬಿನಲ್ಲಿ ಧ್ರುವೀಕೃತ ಎಕ್ಸ್-ಕಿರಣ ಬೇಕಾದಾಗ ಇವತ್ತಿಗೂ ಇದೇ 90 ಡಿಗ್ರಿ ಚದುರಿಕೆ ಕೈ ಹಿಡಿಯುತ್ತೆ.

ಎರಡು ಗುಡ್ಡದ ಗ್ರಾಫ್ ಓದುವುದು

ಚದುರಿದ ಕೋನವನ್ನು ಅಡ್ಡಕ್ಕೆ, ಎಣಿಕೆಯನ್ನು ಲಂಬಕ್ಕೆ ಇಟ್ಟು ಗ್ರಾಫ್ ಹಾಕಿದರೆ ಅದರ ರೂಪ ಹೀಗಿರುತ್ತೆ:

ಎಣಿಕೆ = ಸರಾಸರಿ × [1 + ಏರಿಳಿತ × ಕಾಸ್ 2(ಕೋನ − ಶಿಖರದ ಕೋನ)]

ಕಾಸ್ ಒಳಗಿನ 2 ಗಮನಿಸಿ. ಧ್ರುವೀಕರಣಕ್ಕೆ ದಿಕ್ಕಿದೆ, ಆದರೆ ಬಾಣದ ಮೊನೆ ಇಲ್ಲ. ಉತ್ತರ-ದಕ್ಷಿಣ ಅಂದರೂ ದಕ್ಷಿಣ-ಉತ್ತರ ಅಂದರೂ ಒಂದೇ. ಹಾಗಾಗಿ 180 ಡಿಗ್ರಿಗೊಮ್ಮೆ ಗ್ರಾಫ್ ಮರುಕಳಿಸಿ ಎರಡು ಗುಡ್ಡ ಬರುತ್ತೆ. ಒಂದೇ ಗುಡ್ಡ ಬಂದರೆ ಅದು ಧ್ರುವೀಕರಣ ಅಲ್ಲ, ಎಲ್ಲೋ ಉಪಕರಣ ವಾಲಿದೆ ಅಂತ ಅರ್ಥ. ನಾಲ್ಕು ಗುಡ್ಡ ಬಂದರೆ ಡಿಟೆಕ್ಟರಿನ ಚೌಕಾಕಾರವೇ ಇಣುಕುತ್ತಿದೆ ಅಂತ ಅರ್ಥ. ಇದು ಮುಂದೆ ಉಪಯೋಗಕ್ಕೆ ಬರುತ್ತೆ, ತಲೆಯಲ್ಲಿಟ್ಟುಕೊಳ್ಳಿ.

ಶಿಖರದ ಕೋನಕ್ಕೆ 90 ಸೇರಿಸಿದರೆ ಧ್ರುವೀಕರಣದ ಕೋನ ಸಿಗುತ್ತೆ, ಯಾಕೆಂದರೆ ಫೋಟಾನ್ ಹೆಚ್ಚು ಚದುರುವುದು ವಿದ್ಯುತ್ ಕ್ಷೇತ್ರಕ್ಕೆ ಅಡ್ಡವಾಗಿ. ಏರಿಳಿತ ಮಾತ್ರ ನೇರವಾಗಿ ಧ್ರುವೀಕರಣದ ಪ್ರಮಾಣ ಅಲ್ಲ. ಶೇ. 100 ಧ್ರುವೀಕೃತ ಕಿರಣ ಬಿದ್ದರೂ ಉಪಕರಣ ತೋರಿಸುವ ಏರಿಳಿತ ಶೇ. 100 ಇರಲ್ಲ. ಆ ಗರಿಷ್ಠ ಏರಿಳಿತಕ್ಕೆ ಮಾಡ್ಯುಲೇಶನ್ ಫ್ಯಾಕ್ಟರ್ ಅಂತ ಹೆಸರು. ನಿಮ್ಮ ಏರಿಳಿತವನ್ನು ಅದರಿಂದ ಭಾಗಿಸಿದರೆ ಧ್ರುವೀಕರಣದ ಪ್ರಮಾಣ. ಉದಾಹರಣೆಗೆ ಫ್ಯಾಕ್ಟರ್ 0.4 ಇದ್ದು ಏರಿಳಿತ 0.08 ಬಂದರೆ ಧ್ರುವೀಕರಣ ಶೇ. 20.

ಈ ಫ್ಯಾಕ್ಟರ್ ಯಾಕೆ 1 ಅಲ್ಲ? ಒಂದು ಕಾರಣ ಭೌತಶಾಸ್ತ್ರದ್ದು. ಶಕ್ತಿ ಹೆಚ್ಚಾದಂತೆ ಫೋಟಾನ್ ಎಲೆಕ್ಟ್ರಾನಿಗೆ ಗುದ್ದಿ ತನ್ನ ಶಕ್ತಿಯ ಒಂದು ಪಾಲು ಕಳೆದುಕೊಳ್ಳುತ್ತೆ. ಇದೇ ಕಾಂಪ್ಟನ್ ಚದುರಿಕೆ. ಚದುರಿದ ಮೇಲಿನ ಶಕ್ತಿಯನ್ನು ಮೊದಲಿನ ಶಕ್ತಿಯಿಂದ ಭಾಗಿಸಿ "ಅನುಪಾತ" ಅನ್ನೋಣ. ಕ್ಲೈನ್-ನಿಶಿನಾ ಸೂತ್ರದ ಪ್ರಕಾರ ಸರಿಯಾಗಿ 90 ಡಿಗ್ರಿಗೆ ಚದುರಿದಾಗ

ಏರಿಳಿತ = 1 ÷ (ಅನುಪಾತ + 1/ಅನುಪಾತ − 1)

100 ಕೆಇವಿ ಫೋಟಾನಿಗೆ ಅನುಪಾತ 0.836, ಏರಿಳಿತ ಸುಮಾರು ಶೇ. 97. ಪರವಾಗಿಲ್ಲ. ಶಕ್ತಿ ಏರಿದಂತೆ ಇದು ಇಳಿಯುತ್ತಾ ಹೋಗುತ್ತೆ. ಎರಡನೇ ಕಾರಣ ನಮ್ಮದು, ಎಂಜಿನಿಯರಿಂಗಿನದು. ಸರಿಯಾಗಿ 90 ಡಿಗ್ರಿಗೆ ಚದುರಿದ್ದನ್ನು ಮಾತ್ರ ಆರಿಸಿದರೆ ಎಣಿಸಲು ಫೋಟಾನೇ ಉಳಿಯಲ್ಲ. ಹೆಚ್ಚು ಕೋನಗಳನ್ನು ಒಳಗೆ ಬಿಟ್ಟುಕೊಂಡರೆ ಎಣಿಕೆ ಹೆಚ್ಚುತ್ತೆ, ಏರಿಳಿತ ತಗ್ಗುತ್ತೆ. ಯಾವುದನ್ನು ಎಷ್ಟು ಬಿಡಬೇಕು ಅನ್ನೋದು ಡಿಸೈನ್ ಮಾಡುವವರ ತಲೆನೋವು.

ಎಷ್ಟು ಫೋಟಾನ್ ಬೇಕು?

ಈಗ ಬರುತ್ತೆ ನೋಡಿ ಜಾಣ ಭಾಗ. ಪೂರ್ತಿ ಅಧ್ರುವೀಕೃತ ಕಿರಣದ 10,000 ಫೋಟಾನುಗಳನ್ನು ಎಣಿಸಿದ್ದೀರಿ ಅಂದುಕೊಳ್ಳಿ. ಗ್ರಾಫ್ ಸಪಾಟು ಬರಬೇಕು. ಬರುತ್ತಾ? ಬರಲ್ಲ. ನಾಣ್ಯವನ್ನು 100 ಸಲ ಚಿಮ್ಮಿದರೆ ಸರಿಯಾಗಿ 50 ತಲೆ ಬರುವುದು ಹೇಗೆ ಅಪರೂಪವೋ ಹಾಗೇ ಇದೂ. ಯಾವುದೋ ಒಂದು ಕಡೆ ನಾಲ್ಕು ಫೋಟಾನ್ ಹೆಚ್ಚು ಬಿದ್ದಿರುತ್ತೆ. ಆ ಚುಕ್ಕಿಗಳಿಗೆ ಮೇಲಿನ ಸೂತ್ರವನ್ನು ಫಿಟ್ ಮಾಡಿದರೆ ಎರಡು ಗುಡ್ಡ ಬಂದೇ ಬರುತ್ತೆ.

ಸಾಮಾನ್ಯ ಅಳತೆಯಲ್ಲಿ ದೋಷ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದು ಸರಾಸರಿಯಲ್ಲಿ ಸಮ ಆಗುತ್ತೆ. ಇಲ್ಲಿ ಹಾಗಲ್ಲ. ಧ್ರುವೀಕರಣ ಎಂದೂ ಮೈನಸ್ ಆಗಲಾರದು. ಸದ್ದು ಯಾವ ಕಡೆ ಎಳೆದರೂ ಉತ್ತರ ಪ್ಲಸ್ಸೇ. 10,000 ಅಧ್ರುವೀಕೃತ ಫೋಟಾನುಗಳಿಗೆ ಸರಾಸರಿ ಏರಿಳಿತ 0.018ರಷ್ಟು ಬರುತ್ತೆ. ಫ್ಯಾಕ್ಟರ್ 0.4ರಿಂದ ಭಾಗಿಸಿದರೆ ಶೇ. 4ಕ್ಕಿಂತ ಹೆಚ್ಚು "ಧ್ರುವೀಕರಣ". ಇಲ್ಲದ ಧ್ರುವೀಕರಣ!

ಅದಕ್ಕೇ ಈ ಕ್ಷೇತ್ರದವರು ಮೊದಲು ಕೇಳುವ ಸಂಖ್ಯೆ ಎಂಡಿಪಿ, ಅಂದರೆ ಪತ್ತೆಮಾಡಬಹುದಾದ ಕನಿಷ್ಠ ಧ್ರುವೀಕರಣ. ಅಧ್ರುವೀಕೃತ ಮೂಲದಿಂದ ಬರೀ ಅದೃಷ್ಟದಾಟದಲ್ಲಿ ಇದಕ್ಕಿಂತ ದೊಡ್ಡ ಉತ್ತರ ಬರುವ ಸಾಧ್ಯತೆ ನೂರಕ್ಕೆ ಒಂದು ಮಾತ್ರ ಎಂಬಂಥ ಗೆರೆ. ಹಿನ್ನೆಲೆ ಎಣಿಕೆ ಇಲ್ಲದಿದ್ದರೆ

ಎಂಡಿಪಿ = 4.29 ÷ (ಫ್ಯಾಕ್ಟರ್ × √ಫೋಟಾನುಗಳ ಸಂಖ್ಯೆ)

ಆ 4.29 ಎಲ್ಲಿಂದ ಉದುರಿತು ಅಂತ ಹೆದರಬೇಡಿ. 100ರ ಸ್ವಾಭಾವಿಕ ಲಾಗರಿದಮ್ಮಿನ ವರ್ಗಮೂಲದ ಎರಡರಷ್ಟು, ಅಷ್ಟೇ. ನೂರಕ್ಕೆ ಒಂದು ಅಂದೆವಲ್ಲ, ಆ ನೂರೇ ಇದು.

ಫ್ಯಾಕ್ಟರ್ 0.4 ಇಟ್ಟು ಲೆಕ್ಕ ಹಾಕಿ. ಎಂಡಿಪಿ ಶೇ. 10 ಬೇಕಿದ್ದರೆ ಸುಮಾರು 11,500 ಫೋಟಾನ್ ಸಾಕು. ಶೇ. 5 ಬೇಕಿದ್ದರೆ 46,000. ಶೇ. 1 ಬೇಕಿದ್ದರೆ 11.5 ಲಕ್ಷ! ಗಡಸು ಎಕ್ಸ್-ಕಿರಣದ ಫೋಟಾನುಗಳು ಹಾಗೆ ಧಾರಾಳವಾಗಿ ಬರುವ ಜಾತಿಯವಲ್ಲ. ಶಕ್ತಿ ಏರಿದಂತೆ ಸಂಖ್ಯೆ ಬೇಗನೆ ಇಳಿಯುತ್ತೆ.

ಹಿನ್ನೆಲೆ ಸೇರಿದರೆ ಇನ್ನೂ ಕಷ್ಟ. ಮೂಲದಿಂದ ಸೆಕೆಂಡಿಗೆ 1 ಎಣಿಕೆ, ಕಾಸ್ಮಿಕ್ ಕಿರಣ ಇತ್ಯಾದಿಗಳಿಂದ ಸೆಕೆಂಡಿಗೆ 10 ಎಣಿಕೆ ಬರುತ್ತಿದ್ದರೆ, ಬೇಕಾದ ಸಮಯ 11 ಪಟ್ಟಾಗುತ್ತೆ. ಶೇ. 10ರ ಎಂಡಿಪಿಗೆ ಹಿನ್ನೆಲೆ ಇಲ್ಲದಿದ್ದರೆ ಮೂರೂಕಾಲು ಗಂಟೆ ಸಾಕಿತ್ತು. ಈಗ 35 ಗಂಟೆ ಬೇಕು. ಓಎಸ್‌ಓ-8 ಬಳಿಕ ಎಕ್ಸ್-ರೇ ಧ್ರುವೀಕರಣಕ್ಕೆಂದೇ ಮೀಸಲಾದ ದೊಡ್ಡ ಉಪಗ್ರಹ ಬರಲು ನಾಲ್ಕು ದಶಕಕ್ಕೂ ಹೆಚ್ಚು ಹಿಡಿದಿದ್ದಕ್ಕೆ ಈ ಲೆಕ್ಕವೂ ಒಂದು ಕಾರಣ.

ಶೇ. 80 ಎಂದ ಗ್ರಾಫ್

2002ರ ಡಿಸೆಂಬರ್ 6ರಂದು ಆಕಾಶದಲ್ಲಿ ಒಂದು ಪ್ರಖರ ಗಾಮಾ ಕಿರಣ ಸ್ಫೋಟ ಕಾಣಿಸಿತು. ಸೂರ್ಯನನ್ನು ನೋಡಲು ಕಳಿಸಿದ್ದ ರೆಸ್ಸಿ ಎಂಬ ಉಪಗ್ರಹದ ಒಂಬತ್ತು ಜರ್ಮೇನಿಯಂ ಡಿಟೆಕ್ಟರುಗಳಲ್ಲಿ ಅದು ದಾಖಲಾಯಿತು. ಒಂದು ಡಿಟೆಕ್ಟರಿನಲ್ಲಿ ಚದುರಿ ಇನ್ನೊಂದರಲ್ಲಿ ಹೀರಲ್ಪಟ್ಟ ಫೋಟಾನುಗಳನ್ನು ಹೆಕ್ಕಿ ಗ್ರಾಫ್ ಹಾಕಿದ ಇಬ್ಬರು ವಿಜ್ಞಾನಿಗಳು 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು: ಧ್ರುವೀಕರಣ ಶೇ. 80, ಆಚೀಚೆ 20. ಅಷ್ಟು ಧ್ರುವೀಕರಣ ಅಂದರೆ ಸ್ಫೋಟದ ಹಿಂದೆ ಒಂದೇ ದಿಕ್ಕಿನ ಬಲವಾದ ಕಾಂತಕ್ಷೇತ್ರ ಇರಬೇಕು. ಸಿದ್ಧಾಂತಿಗಳಿಗೆ ಹಬ್ಬ.

ಆಮೇಲೆ ರಟ್ಲೆಜ್ ಮತ್ತು ಫಾಕ್ಸ್ ಅದೇ ದತ್ತಾಂಶವನ್ನು ಮತ್ತೆ ತೆರೆದರು. ಅವರ 2004ರ ಲೇಖನದ ಪ್ರಕಾರ, ನಿಜವಾಗಿ ಎರಡು ಡಿಟೆಕ್ಟರುಗಳ ನಡುವೆ ಚದುರಿದ ಘಟನೆಗಳು ಮೊದಲ ತಂಡ ಎಣಿಸಿದ್ದರ ಹತ್ತನೇ ಒಂದು ಭಾಗದಷ್ಟು ಮಾತ್ರ. ಉಳಿದವು? ಎರಡು ಬೇರೆ ಬೇರೆ ಫೋಟಾನುಗಳು ಕಾಕತಾಳೀಯವಾಗಿ ಒಂದೇ ಹೊತ್ತಿಗೆ ಬಿದ್ದಂಥವು. ಅವಕ್ಕೂ ಧ್ರುವೀಕರಣಕ್ಕೂ ಸಂಬಂಧವಿಲ್ಲ. ಉಳಿದ ಸಾಚಾ ಘಟನೆಗಳಿಂದ ಧ್ರುವೀಕರಣ ಇದೆ ಅಂತಲೂ ಹೇಳಲಾಗಲ್ಲ, ಇಲ್ಲ ಅಂತಲೂ ಹೇಳಲಾಗಲ್ಲ. ಅದೇ ವರ್ಷ ಇನ್ನೊಂದು ತಂಡ ಸ್ವತಂತ್ರವಾಗಿ ನೋಡಿದಾಗಲೂ ಬಂದ ಉತ್ತರ ಸೊನ್ನೆಗೆ ಹೊಂದುವಂಥದ್ದೇ.

ಇಲ್ಲಿ ಯಾರೂ ರೀಡಿಂಗ್ ತಿದ್ದಲಿಲ್ಲ. ಮೊದಲ ತಂಡದವರು ಮೋಸ ಮಾಡಿದವರಲ್ಲ. ದತ್ತಾಂಶ ಎಲ್ಲರಿಗೂ ತೆರೆದಿದ್ದರಿಂದಲೇ ಮರುಪರೀಕ್ಷೆ ಸಾಧ್ಯವಾಯಿತು. ಆ ಉಪಕರಣವನ್ನು ಧ್ರುವೀಕರಣ ಅಳೆಯಲು ಕಟ್ಟಿರಲಿಲ್ಲ, ಅದಕ್ಕಾಗಿ ಪರೀಕ್ಷಿಸಿರಲೂ ಇಲ್ಲ. ಸಾಲದ್ದಕ್ಕೆ ಸ್ಫೋಟ ಕೆಲವೇ ಸೆಕೆಂಡಿನದು, ಮರುದಿನ ಹೋಗಿ ಮತ್ತೆ ರೀಡಿಂಗ್ ತೆಗೆಯುವಂತಿಲ್ಲ. ಮೇಜಿನ ಮೇಲೆ ಪೇಪರ್ ಹಾಸಿ ನೋಡುವ ಅವಕಾಶವೇ ಇರಲಿಲ್ಲ.

ಹಾಗಾದರೆ ಪೇಪರ್ ಹಾಸುವುದು ಹೇಗೆ?

ಭಾರತದ ಎರಡು ಉಪಕರಣಗಳು ಇದಕ್ಕೆ ಎರಡು ಬೇರೆ ದಾರಿ ಹಿಡಿದವು.

ಮೊದಲನೆಯದು 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ಸಿಝಡ್‌ಟಿಐ. ಕ್ಯಾಡ್ಮಿಯಂ-ಝಿಂಕ್-ಟೆಲ್ಯುರೈಡ್ ಹರಳಿನ 64 ತುಂಡುಗಳು, ಪ್ರತಿಯೊಂದರಲ್ಲೂ 16×16 ಪಿಕ್ಸೆಲ್. ಮುಖ್ಯ ಕೆಲಸ 100 ಕೆಇವಿವರೆಗೆ ಚಿತ್ರ ಮತ್ತು ರೋಹಿತ ತೆಗೆಯುವುದು. ಆದರೆ 100 ಕೆಇವಿ ಮೀರಿದ ಫೋಟಾನ್ ಒಂದು ಪಿಕ್ಸೆಲ್ಲಿನಲ್ಲಿ ಚದುರಿ ಪಕ್ಕದ ಪಿಕ್ಸೆಲ್ಲಿನಲ್ಲಿ ಹೀರಲ್ಪಡಬಹುದು. ಮೈಕ್ರೋಸೆಕೆಂಡುಗಳ ಅಂತರದಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್ ಮಿಣುಕಿದರೆ ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯಿರಿ, ಚದುರಿದ ದಿಕ್ಕು ಸಿಕ್ಕಿತು.

ತೊಂದರೆ ಏನಪ್ಪಾ ಅಂದರೆ ಚದರ ಪಿಕ್ಸೆಲ್ಲಿಗೆ ನೆರೆಹೊರೆ ಎಂಟು. ನಾಲ್ಕರ ಜೊತೆ ಪೂರ್ತಿ ಗೋಡೆ ಹಂಚಿಕೊಂಡಿದೆ, ಉಳಿದ ನಾಲ್ಕರ ಜೊತೆ ಬರೀ ಮೂಲೆ ತಾಗಿದೆ. ಗೋಡೆಯ ಕಡೆ ಹೆಚ್ಚು ಎಣಿಕೆ, ಮೂಲೆಯ ಕಡೆ ಕಡಿಮೆ. ಅಧ್ರುವೀಕೃತ ಕಿರಣ ಬಿದ್ದರೂ ನಾಲ್ಕು ಗುಡ್ಡ! ಇದನ್ನು ತೆಗೆಯಲು, ಅಧ್ರುವೀಕೃತ ಕಿರಣ ಬಿದ್ದರೆ ಗ್ರಾಫ್ ಹೇಗಿರುತ್ತಿತ್ತು ಎಂದು ಇಡೀ ಉಪಗ್ರಹದ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ, ಅಳೆದ ಗ್ರಾಫನ್ನು ಅದರಿಂದ ಭಾಗಿಸುತ್ತಾರೆ. ಆ ಮಾದರಿಯನ್ನು ನಂಬಬಹುದೇ ಎಂದು ತಿಳಿಯಲು ಹಾರುವ ಮೊದಲೇ ನೆಲದ ಮೇಲೆ ಧ್ರುವೀಕೃತ, ಅಧ್ರುವೀಕೃತ ಎರಡೂ ಕಿರಣ ಬಿಟ್ಟು ಪರೀಕ್ಷಿಸಿದ್ದರು. ಹಿನ್ನೆಲೆ ಅಳೆಯಲು ಖಾಲಿ ಆಕಾಶ ನೋಡುವಾಗಲೂ ಜಾಗ್ರತೆ ಬೇಕು. ಈ ಶಕ್ತಿಯಲ್ಲಿ ಉಪಕರಣದ ಗೋಡೆಗಳೇ ಅರೆಪಾರದರ್ಶಕ; ಏಡಿ ನೀಹಾರಿಕೆಯೋ ಸಿಗ್ನಸ್ ಎಕ್ಸ್-1 ಕಪ್ಪುಕುಳಿಯೋ ಓರೆಯಲ್ಲಿ ಇಣುಕಿದರೆ ಖಾಲಿ ಆಕಾಶ ಖಾಲಿ ಅಲ್ಲ.

ಎರಡನೆಯದು ನಮ್ಮ ಬೆಂಗಳೂರಿನದೇ. ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆ ಇಸ್ರೋದ ಯು. ಆರ್. ರಾವ್ ಉಪಗ್ರಹ ಕೇಂದ್ರದ ಸಹಕಾರದಲ್ಲಿ ಕಟ್ಟಿದ ಪೋಲಿಕ್ಸ್. ಬೆಳಕಿನ ಚದುರಿಕೆಗೆ ಜೀವನವನ್ನೇ ಕೊಟ್ಟ ಸಿ. ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಯಿಂದ ಚದುರಿಕೆಯನ್ನೇ ನಂಬಿದ ಉಪಕರಣ ಬಂತು. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ರಾಕೆಟ್ ಅದನ್ನು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಸುಮಾರು 650 ಕಿ.ಮೀ. ಎತ್ತರದ ಕಕ್ಷೆಗೆ ಏರಿಸಿತು.

ಪೋಲಿಕ್ಸ್‌ನ ಪಟ್ಟಿ 8ರಿಂದ 30 ಕೆಇವಿ. ನಡುವೆ ಬೆರಿಲಿಯಂ ಬಿಲ್ಲೆ, ನಾಲ್ಕೂ ಕಡೆ ಕ್ಸೆನಾನ್ ತುಂಬಿದ ಅನಿಲ ಡಿಟೆಕ್ಟರುಗಳು. ಬೆರಿಲಿಯಂ ಯಾಕೆ? ಪರಮಾಣು ಸಂಖ್ಯೆ ಹೆಚ್ಚಿದ್ದರೆ ಈ ಶಕ್ತಿಯ ಫೋಟಾನ್ ಚದುರುವ ಬದಲು ಅಲ್ಲೇ ನುಂಗಿಹೋಗುತ್ತೆ. ಬೆರಿಲಿಯಂ ಪರಮಾಣು ಸಂಖ್ಯೆ ಬರೀ 4. ಸುತ್ತ ಇರುವ ಕ್ಸೆನಾನ್‌ನದು 54, ಅದು ನುಂಗಲಿಕ್ಕೇ ಇರುವುದು. ಚದುರಿಸಲು ಹಗುರ, ಹಿಡಿಯಲು ಭಾರ. ಎಷ್ಟು ಸರಳ ನೋಡಿ!

ಇಲ್ಲಿನ "ಪೇಪರ್ ಹಾಸುವ" ಉಪಾಯ ತಿರುಗುವುದು. ನಾಲ್ಕು ಡಿಟೆಕ್ಟರು ಎಷ್ಟೇ ಎಚ್ಚರದಿಂದ ಮಾಡಿದರೂ ಒಂದೇ ಥರ ಇರಲ್ಲ. ಒಂದು ಸ್ವಲ್ಪ ಹೆಚ್ಚು ಎಣಿಸುತ್ತೆ, ಒಂದು ಕಡಿಮೆ. ಸುಮ್ಮನೆ ನಿಂತು ನೋಡಿದರೆ ಆ ವ್ಯತ್ಯಾಸವೇ ಧ್ರುವೀಕರಣದ ವೇಷ ಹಾಕುತ್ತೆ. ಅದಕ್ಕೇ ಇಡೀ ಉಪಗ್ರಹ ತಾನು ನೋಡುವ ಮೂಲದ ದಿಕ್ಕನ್ನೇ ಅಕ್ಷ ಮಾಡಿಕೊಂಡು ಸುಮಾರು ಐದು ನಿಮಿಷಕ್ಕೊಂದು ಸುತ್ತು ನಿಧಾನವಾಗಿ ಸುತ್ತುತ್ತೆ. ಆಗ ಪ್ರತಿ ಡಿಟೆಕ್ಟರೂ ಆಕಾಶದ ಎಲ್ಲ ಕೋನಗಳನ್ನೂ ತಾನೇ ನೋಡುತ್ತೆ. ಗುಡ್ಡ ಆಕಾಶದ್ದಾದರೆ ನಾಲ್ಕರಲ್ಲೂ ಆಕಾಶದ ಅದೇ ಕೋನಕ್ಕೆ ನಿಲ್ಲಬೇಕು. ಉಪಕರಣದ್ದಾದರೆ ಉಪಕರಣದ ಜೊತೆಗೇ ತಿರುಗಿಬಿಡುತ್ತೆ. ಮೂಲವೇ ಮಿನುಗುತ್ತಿದ್ದರೆ? ರೆಸ್ಸಿ ಕೂಡ ಸುತ್ತುತ್ತಿದ್ದ ಉಪಗ್ರಹವೇ, ಆದರೆ ಸ್ಫೋಟ ಕೆಲವೇ ಸುತ್ತುಗಳಲ್ಲಿ ಮುಗಿದುಹೋಯಿತು. ಪೋಲಿಕ್ಸ್ ಒಂದೇ ಮೂಲವನ್ನು ದಿನಗಟ್ಟಲೆ, ನೂರಾರು ಸುತ್ತು ನೋಡಬಲ್ಲದು. ಮಿನುಗು ಸರಾಸರಿಯಲ್ಲಿ ಕರಗುತ್ತೆ, ಧ್ರುವೀಕರಣ ಕರಗಲ್ಲ.

ಏಡಿ ನೀಹಾರಿಕೆ ಹೇಳಿದ್ದು

ಹೊಸ ತಕ್ಕಡಿ ತಂದಾಗ ಮೊದಲು ಗೊತ್ತಿರುವ ಕಲ್ಲನ್ನೇ ತೂಗುತ್ತೇವೆ. ಈ ಕ್ಷೇತ್ರದ ಗೊತ್ತಿರುವ ಕಲ್ಲು ಏಡಿ ನೀಹಾರಿಕೆ. 1054ರಲ್ಲಿ ಚೀನೀಯರು ಕಂಡು ಬರೆದಿಟ್ಟ ಸೂಪರ್ನೋವಾದ ಅವಶೇಷ, ಸುಮಾರು 6,500 ಜ್ಯೋತಿರ್ವರ್ಷ ದೂರ, ನಡುವೆ ಸೆಕೆಂಡಿಗೆ ಸುಮಾರು 30 ಸಲ ಗಿರಗಿರನೆ ತಿರುಗುವ ಪಲ್ಸಾರ್.

ಅಳತೆಗಳನ್ನು ಸಾಲಾಗಿ ಇಟ್ಟು ನೋಡಿ. ಓಎಸ್‌ಓ-8, 2.6 ಕೆಇವಿಯಲ್ಲಿ ನೀಹಾರಿಕೆಗೆ ಶೇ. 19.2 (ಆಚೀಚೆ 1). ಸ್ವೀಡನ್ನಿನಿಂದ 2016ರಲ್ಲಿ ಬಲೂನಿನಲ್ಲಿ ಹಾರಿದ ಪೋಗೋ+, 20ರಿಂದ 160 ಕೆಇವಿಯಲ್ಲಿ ಶೇ. 20.9 (ಆಚೀಚೆ 5). ಅದೂ ತನ್ನನ್ನು ತಿರುಗಿಸಿಕೊಳ್ಳುತ್ತಲೇ ಅಳೆದದ್ದು. ಆಸ್ಟ್ರೋಸ್ಯಾಟ್ ಒಂದೂವರೆ ವರ್ಷದಲ್ಲಿ 21 ಸಲ ನೋಡಿ, ಒಟ್ಟು ಸುಮಾರು 8 ಲಕ್ಷ ಸೆಕೆಂಡ್ ಎಣಿಸಿ, 2017ರಲ್ಲಿ ಪ್ರಕಟಿಸಿದ್ದು 100ರಿಂದ 380 ಕೆಇವಿಯಲ್ಲಿ ಶೇ. 32.7 (ಆಚೀಚೆ 5.8). ಬೇರೆ ಬೇರೆ ದೇಶ, ಬೇರೆ ಬೇರೆ ವಿಧಾನ, ಬೇರೆ ಬೇರೆ ಶಕ್ತಿ. ಎಲ್ಲವೂ "ಇದೆ, ಗಣನೀಯವಾಗಿಯೇ ಇದೆ" ಅನ್ನುತ್ತಿವೆ. ಒಂದು ಉಪಕರಣದ ಮೇಜಿನ ಗಾಜು ಇನ್ನೊಂದರಲ್ಲಿ ಇರಲ್ಲ. ಹಾಗಾಗಿ ಈ ಒಮ್ಮತಕ್ಕೆ ತೂಕ ಇದೆ.

ಆಸ್ಟ್ರೋಸ್ಯಾಟ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪಲ್ಸಾರಿನ ಒಂದು ಸುತ್ತನ್ನು ತುಂಡು ತುಂಡು ಮಾಡಿ ನೋಡಿದಾಗ, ಪಲ್ಸ್ ಇಲ್ಲದ ಮಬ್ಬು ಹೊತ್ತಿನಲ್ಲೇ ಧ್ರುವೀಕರಣ ಏರುಪೇರಾಗುವಂತೆ ಕಂಡಿತು. ಮಬ್ಬು ಹೊತ್ತಿನಲ್ಲಿ ಬರುವುದು ಬರೀ ನೀಹಾರಿಕೆಯ ಬೆಳಕು ಎಂದು ಭಾವಿಸುವುದು ವಾಡಿಕೆ. ಅಲ್ಲೂ ಬದಲಾವಣೆ ನಿಜವಾದರೆ ಪಲ್ಸಾರ್ ಮಾದರಿಗಳನ್ನೇ ತಿದ್ದಬೇಕು. ಆದರೆ ತುಂಡು ಮಾಡಿದಷ್ಟೂ ಪ್ರತಿ ತುಂಡಿನ ಫೋಟಾನ್ ಕಡಿಮೆ, ಎಂಡಿಪಿ ಹೆಚ್ಚು. ಪೋಗೋ+ ತಂಡ 2018ರಲ್ಲಿ ಎತ್ತಿದ ತಕರಾರು ಇದೇ: ಏರುಪೇರು ಇದೆ ಎನ್ನಲು ಈ ಅಂಕಿಅಂಶ ಸಾಲದು. ಎರಡೂ ಕಡೆಯವರು ಸಂಖ್ಯೆ ಮುಂದಿಟ್ಟು ಮಾತಾಡುತ್ತಿದ್ದಾರೆ. ತೀರ್ಮಾನ ಆಗೋದು ಇನ್ನಷ್ಟು ಫೋಟಾನ್ ಎಣಿಸಿದ ಮೇಲೆ.

ನನ್ನ ಲ್ಯಾಬ್ ರೆಕಾರ್ಡಿನಲ್ಲಿ ಕೊನೆಗೆ ಎರಡೂ ಗ್ರಾಫ್ ಅಂಟಿಸಿದೆ, ಗಾಜಿನ ಮೇಜಿನದೂ, ಪೇಪರ್ ಹಾಸಿದ ಮೇಜಿನದೂ. ಮೇಡಂ ಮೊದಲನೆಯದಕ್ಕೇ ಟಿಕ್ ಹಾಕಿದರು. ನೀವೂ ಯಾವತ್ತಾದರೂ ಪ್ರಾಜೆಕ್ಟಿನಲ್ಲಿ ಭಾರೀ ಚೆಂದದ ಸಿಗ್ನಲ್ ಕಂಡರೆ, ಸೊನ್ನೆ ಬರಬೇಕಾದ ಕಡೆ ನಿಮ್ಮ ಸೆಟಪ್ ಸೊನ್ನೆ ತೋರಿಸುತ್ತಾ ಅಂತ ಒಮ್ಮೆ ನೋಡಿಕೊಳ್ಳಿ.

ಮನೆಗೆಲಸ

1. 511 ಕೆಇವಿ ಫೋಟಾನ್ 90 ಡಿಗ್ರಿಗೆ ಚದುರಿದರೆ ಅದರ ಶಕ್ತಿ ಸರಿಯಾಗಿ ಅರ್ಧವಾಗುತ್ತೆ. ಮೇಲಿನ ಸೂತ್ರದಿಂದ ಏರಿಳಿತ ಎಷ್ಟು? (ಉತ್ತರ: ಸುಮಾರು ಶೇ. 67.)

2. ಮಾಡ್ಯುಲೇಶನ್ ಫ್ಯಾಕ್ಟರನ್ನು ಎರಡು ಪಟ್ಟು ಮಾಡುವುದು ಒಳ್ಳೆಯದೋ, ಡಿಟೆಕ್ಟರಿನ ವಿಸ್ತೀರ್ಣವನ್ನು ಎರಡು ಪಟ್ಟು ಮಾಡುವುದೋ? ಎಂಡಿಪಿ ಸೂತ್ರ ನೋಡಿ ಕಾರಣ ಕೊಡಿ.

3. ಲ್ಯಾಪ್‌ಟಾಪಿನಲ್ಲಿ 0ರಿಂದ 360ರವರೆಗಿನ 10,000 ಯಾದೃಚ್ಛಿಕ ಕೋನ ಹುಟ್ಟಿಸಿ. ಪ್ರತಿ ಕೋನದ ಎರಡರಷ್ಟರ ಕಾಸ್ ಸರಾಸರಿ ಮತ್ತು ಸೈನ್ ಸರಾಸರಿ ತೆಗೆಯಿರಿ. ಎರಡರ ವರ್ಗ ಕೂಡಿಸಿ, ವರ್ಗಮೂಲ ತೆಗೆದು, 2ರಿಂದ ಗುಣಿಸಿ. ಇದೇ ಏರಿಳಿತ. ಇದನ್ನು ಸಾವಿರ ಸಲ ಮಾಡಿ. ಎಷ್ಟು ಸಲ 0.043 ಮೀರಿತು? ಹತ್ತರ ಆಸುಪಾಸು ಬಂದರೆ ನೂರಕ್ಕೆ ಒಂದು ಅಂದರೇನು ಅಂತ ಕಣ್ಣಾರೆ ಕಂಡಿರಿ. ಬೇರೆ ಏನಾದರೂ ಬಂದರೆ ಪ್ರೋಗ್ರಾಂ ತಗೊಂಡು ಕ್ಲಬ್ ರೂಮಿಗೆ ಬನ್ನಿ, ಕೂತು ನೋಡೋಣ.